ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ

ಪ್ರಶ್ನೆ: ನಾವು ಬೆಂಗಳೂರಿನಿಂದ ಮ್ಯೂನಿಕ್‌ಗೆ ಬಂದು ಎರಡು ವರ್ಷ. ಮಗ ಮೂರನೇ ತರಗತಿ. ಲೆಕ್ಕದಲ್ಲಿ ಚುರುಕಾಗಿದ್ದವನು ಇಲ್ಲಿ ಹಿಂದೆ ಬಿದ್ದಿದ್ದಾನೆ. ಶಾಲೆ ಬಿಟ್ಟ ಮೇಲೆ ಹೋಮ್‌ವರ್ಕ್ ಗುಂಪಿಗೆ ಕಳಿಸಿ ಎಂದಿದ್ದಾರೆ ಟೀಚರ್. ದಡ್ಡರ ಸಾಲಿಗೆ ಸೇರಿಸಿದರೇನೋ ಎಂದು ಸಂಕಟ. ಮನೆಯಲ್ಲೂ ಜರ್ಮನ್ನೇ ಮಾತಾಡೋಣ ಅನ್ನುತ್ತಾರೆ ಪತಿ. ಏನು ಮಾಡಲಿ?

ಉತ್ತರ: ಗುಂಪಿಗೆ ಕಳಿಸಿ, ಈ ವಾರದಿಂದಲೇ. ಕನ್ನಡ ಮಾತ್ರ ಬಿಡಬೇಡಿ.

ನಿಮ್ಮ ಆತಂಕ ಸುಳ್ಳಲ್ಲ. ಬವೇರಿಯಾದಲ್ಲಿ ನಾಲ್ಕನೇ ತರಗತಿಯಲ್ಲೇ ಮಕ್ಕಳ ದಾರಿ ಕವಲೊಡೆಯುತ್ತದೆ. ಜರ್ಮನ್, ಗಣಿತ, ಪರಿಸರ ಪಾಠ ಮೂರರ ಅಂಕಗಳ ಸರಾಸರಿ 2.33ರೊಳಗಿದ್ದರೆ ವಿಶ್ವವಿದ್ಯಾಲಯದತ್ತ ಒಯ್ಯುವ ಗಿಮ್ನಾಸಿಯಮ್ ಶಾಲೆ, 2.66ರವರೆಗೆ ಅದರ ಕೆಳಗಿನ ಹಂತದ ರಿಯಾಲ್‌ಶೂಲೆ; ಜರ್ಮನ್ ಅಂಕಪದ್ಧತಿಯಲ್ಲಿ 1 ಎಂದರೆ ಅತ್ಯುತ್ತಮ. ಹತ್ತು ವರ್ಷದ ಮಗುವಿನ ಮೇಲೆ ಇಷ್ಟು ಹೊರೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಆದರೆ ರಿಯಾಲ್‌ಶೂಲೆ ಮುಗಿಸಿದವರಿಗೂ ಮುಂದೆ ಉನ್ನತ ಶಿಕ್ಷಣದ ದಾರಿಗಳಿವೆ.

ಮೊದಲು ಅವನ ಲೆಕ್ಕದ ಪುಸ್ತಕ ತೆಗೆದು ನೋಡಿ. ಬರೀ ಅಂಕಿಯ ಲೆಕ್ಕ ಸರಿಯಿದ್ದು, ವಾಕ್ಯದಲ್ಲಿ ಕೊಟ್ಟ ಲೆಕ್ಕಗಳು ತಪ್ಪಿದ್ದರೆ ತೊಡಕು ಗಣಿತದ್ದಲ್ಲ, ಭಾಷೆಯದು. ಅಂಕಿ ಕೇಳಿ ಬರೆಯುವಾಗಿನ ತಪ್ಪೂ ಭಾಷೆಯದೇ ಇರಬಹುದು: ಜರ್ಮನ್ನಿನಲ್ಲಿ ಬಿಡಿಯ ಅಂಕಿ ಮೊದಲು ಬರುತ್ತದೆ. 47 ಅವನ ಕಿವಿಗೆ ಬೀಳುವುದು ‘ಏಳು ಮತ್ತು ನಲವತ್ತು’ ಎಂದು. ಅವನು 74 ಬರೆದಿದ್ದರೆ ಅದು ದಡ್ಡತನ ಅಲ್ಲವೇ ಅಲ್ಲ.

ಹೋಮ್‌ವರ್ಕ್ ಗುಂಪಿನಲ್ಲಿ ಸಿಗುವುದು ನೀವಿಬ್ಬರೂ ಮನೆಯಲ್ಲಿ ಕೊಡಲಾಗದ್ದು: ಸಹಜವಾದ ಜರ್ಮನ್, ಅವನ ಹಾಗೆಯೇ ಬೇರೆ ಭಾಷೆಯ ಮನೆಗಳಿಂದ ಬಂದ ಜೊತೆಗಾರರು. ಅಲ್ಲಿ ಹೋಮ್‌ವರ್ಕ್ ಮುಗಿಸುವುದಷ್ಟೇ ನಡೆಯುತ್ತದೋ, ಭಾಷೆಯನ್ನೂ ಕಲಿಸುತ್ತಾರೋ ಕೇಳಿ. ಇಲ್ಲವೆಂದರೆ, ಜರ್ಮನ್ ಮನೆಮಾತಲ್ಲದ ಮಕ್ಕಳಿಗೆಂದೇ ಇರುವ ‘ದಾಟ್ಸ್’ ಪಾಠ ಶಾಲೆಯಲ್ಲಿದೆಯೇ ವಿಚಾರಿಸಿ. ಮಗುವಿನ ಪಕ್ಕ ಕೂತು ಓದಿಸುವ ಸ್ವಯಂಸೇವಕರೂ ಇರುತ್ತಾರೆ. ಅವರನ್ನು ‘ಲೇಸೆಪಾಟೆನ್’ ಅನ್ನುತ್ತಾರೆ.

ಇನ್ನು ನಿಮ್ಮ ಪತಿಯ ಮಾತು. ನೀವೇ ಇನ್ನೂ ಕಲಿಯುತ್ತಿರುವ ಭಾಷೆಯಲ್ಲಿ ಮಗನ ಜೊತೆ ಎಷ್ಟು ಮಾತಾಡಬಲ್ಲಿರಿ? ‘ಊಟ ಮಾಡು, ಮಲಗು’ ಅಷ್ಟಕ್ಕೇ ನಿಂತುಹೋಗುತ್ತದೆ. ಜಗಳ, ಕಥೆ, ‘ಯಾಕಪ್ಪಾ’ ಎಂಬ ಕೊನೆಯಿಲ್ಲದ ಪ್ರಶ್ನೆಗಳು, ಎಲ್ಲಕ್ಕೂ ಕನ್ನಡವೇ ಬೇಕು. ಸಂಜೆ ಶಾಲೆಯ ಆ ವಾಕ್ಯದ ಲೆಕ್ಕವನ್ನು ಕನ್ನಡದಲ್ಲಿ ಅವನ ಬಾಯಲ್ಲೇ ಹೇಳಿಸಿ: ಯಾರ ಹತ್ತಿರ ಎಷ್ಟಿತ್ತು, ಯಾರಿಗೆ ಎಷ್ಟು ಕೊಟ್ಟರು, ಉಳಿದಿದ್ದೆಷ್ಟು? ವಿಷಯ ತಲೆಗೆ ಹತ್ತಿದ ಮೇಲೆ ಜರ್ಮನ್ ಪದ ಕೂರಿಸಿಕೊಳ್ಳುವುದು ಅವನಿಗೆ ಸುಲಭ.

ಟೀಚರ್ ಭೇಟಿಗೆ ಸಮಯ ಕೇಳಿ, ಪುಸ್ತಕವನ್ನೂ ಒಯ್ಯಿರಿ. ಮಾತು ತೊಡಕಾದರೆ ಜರ್ಮನ್ ಬಲ್ಲ ಪರಿಚಯದವರನ್ನು ಕರೆದೊಯ್ಯಿರಿ. ಮಗನನ್ನೇ ದುಭಾಷಿಯಾಗಿ ಕೂರಿಸಬೇಡಿ.