ಬೋರ್‌ವೆಲ್ಲಿಗೆ ಗಾಳಿ ಕುಡಿಸಿದರೆ ಆರ್ಸೆನಿಕ್ ಕಟ್ಟುಬೀಳುತ್ತದೆ

ಪಶ್ಚಿಮ ಬಂಗಾಳದ ಉತ್ತರ 24 ಪರಗಣ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಕೈಪಂಪಿನಿಂದ ಆಗಷ್ಟೇ ಹಿಡಿದ ನೀರು ತಿಳಿಯಾಗಿರುತ್ತದೆ. ಬಿಂದಿಗೆಯಲ್ಲಿ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ತಳದಲ್ಲಿ ತುಕ್ಕಿನ ಬಣ್ಣದ ಗಸಿ ಕೂತಿರುತ್ತದೆ. ಕರಗಿದ್ದ ಕಬ್ಬಿಣ ಗಾಳಿ ತಾಕಿ ಗಟ್ಟಿಯಾದ ಗುರುತು ಅದು. ಆದರೆ ಅದೇ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷವಿದ್ದರೆ ಅದು ಕಣ್ಣಿಗೂ ಕಾಣದು, ನಾಲಿಗೆಗೂ ತಿಳಿಯದು. ವರ್ಷಗಟ್ಟಲೆ ಕುಡಿದವರ ಅಂಗೈ ಅಂಗಾಲು ಒರಟಾಗಿ ಗಂಟು ಕಟ್ಟುತ್ತವೆ; ಮುಂದೆ ಕ್ಯಾನ್ಸರ್ ಕೂಡ ಬರಬಹುದು. ಕೋಲ್ಕತ್ತದ ಚರ್ಮರೋಗ ತಜ್ಞ ಡಾ. ಕೆ.ಸಿ. ಸಾಹಾ 1983ರಲ್ಲಿ ಈ ರೋಗಿಗಳನ್ನು ಗುರುತಿಸಿದರು.

ಈ ವಿಷವನ್ನು ಯಾರೂ ಸುರಿದಿದ್ದಲ್ಲ. ಗಂಗೆ ತಂದ ಮೆಕ್ಕಲಿನ ಕಣಗಳ ಮೇಲೆ ಕಬ್ಬಿಣದ ತೆಳು ಲೇಪವಿದೆ, ಆ ಲೇಪಕ್ಕೆ ಆರ್ಸೆನಿಕ್ ಅಂಟಿಕೊಂಡಿದೆ. ಗಾಳಿಯಿಲ್ಲದ ಆಳದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಆ ಕಬ್ಬಿಣವನ್ನೇ ಬಳಸಿ ಉಸಿರಾಡುತ್ತವೆ. ಲೇಪ ಕರಗುತ್ತದೆ, ಆರ್ಸೆನಿಕ್ ನೀರಿಗೆ ಇಳಿಯುತ್ತದೆ. ಅದೇ ನೆಲದಲ್ಲಿ ಇದಕ್ಕೆ ತದ್ವಿರುದ್ಧ ಕೆಲಸ ಮಾಡುವ ಬ್ಯಾಕ್ಟೀರಿಯಾಗಳೂ ಇವೆ. ಅವಕ್ಕೆ ಬೇಕಾದದ್ದು ಗಾಳಿ.

ಕೋಲ್ಕತ್ತಕ್ಕೆ ಹತ್ತಿರದ ಕಾಸಿಂಪುರದಲ್ಲಿ, ಆಗ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಭಾಸ್ಕರ್ ಸೇನ್ ಗುಪ್ತಾ ಅವರ ತಂಡ ಅವಕ್ಕೆ ಗಾಳಿ ಒದಗಿಸಿ ತೋರಿಸಿತು. ಬೋರ್‌ವೆಲ್ಲಿನ ನೀರನ್ನು ಷವರಿನಂತೆ ಚಿಮುಕಿಸಿ ಟ್ಯಾಂಕಿಗೆ ಬಿಡುತ್ತಾರೆ. ಹನಿಹನಿಯಾಗಿ ಬೀಳುವಾಗ ನೀರು ಗಾಳಿ ಹೀರುತ್ತದೆ. ಆ ನೀರಿನ ಒಂದು ಪಾಲನ್ನು ಮತ್ತೆ ಅದೇ ಬಾವಿಗೆ ಇಳಿಸುತ್ತಾರೆ. ಕೆಳಗಿನ ಬ್ಯಾಕ್ಟೀರಿಯಾಗಳು ಚುರುಕಾಗಿ ಕಬ್ಬಿಣವನ್ನು ತುಕ್ಕಾಗಿಸುತ್ತವೆ, ಆರ್ಸೆನಿಕ್‌ನ ಸುಲಭವಾಗಿ ಹರಿದಾಡುವ ರೂಪವಾದ ಆರ್ಸೆನೈಟನ್ನು ಅಂಟುವ ರೂಪವಾದ ಆರ್ಸೆನೇಟಾಗಿ ಮಾರ್ಪಡಿಸುತ್ತವೆ. ತುಕ್ಕು ಅದನ್ನು ಮರಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ರಾಸಾಯನಿಕ ಬೇಡ, ಹೊರಗಿನಿಂದ ಬ್ಯಾಕ್ಟೀರಿಯಾ ತಂದು ಹಾಕುವುದೂ ಬೇಡ. ಮುಖ್ಯವಾಗಿ, ವಿಷದ ಕೆಸರನ್ನು ಎಲ್ಲಿ ಚೆಲ್ಲುವುದೆಂಬ ತಲೆನೋವಿಲ್ಲ.

ಭತ್ತದ ಗದ್ದೆಗೂ ಈ ಲೆಕ್ಕ ಅನ್ವಯಿಸುತ್ತದೆ. ಸದಾ ನೀರು ನಿಂತ ಕೆಸರಿನಲ್ಲಿ ಗಾಳಿಯಿಲ್ಲ. ಆರ್ಸೆನಿಕ್ ಬಿಡುಗಡೆಯಾಗಿ, ಸಿಲಿಕಾನ್ ಹೀರುವ ದಾರಿಯಲ್ಲೇ ಬೇರಿಗೆ ನುಗ್ಗಿ ಕಾಳಿಗೂ ಹುಲ್ಲಿಗೂ ಸೇರುತ್ತದೆ. ಆ ಹುಲ್ಲು ದನದ ಮೇವು. ಗದ್ದೆಯಲ್ಲಿ ತೂತಿನ ಪೈಪು ಹೂತು, ಒಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದ ಮೇಲೆ ಮತ್ತೆ ನೀರು ಹಾಯಿಸಿದರೆ ಬೇರಿನ ಸುತ್ತ ಗಾಳಿಯಾಡುತ್ತದೆ, ನೀರೂ ಉಳಿಯುತ್ತದೆ. ಹೂ ಬಿಡುವ ಹೊತ್ತಿಗೆ ಮಾತ್ರ ಗದ್ದೆ ಒಣಗಲು ಬಿಡಬಾರದು.

ಕರ್ನಾಟಕದ ರೈತರು ಇಲ್ಲೊಂದು ಎಚ್ಚರ ವಹಿಸಬೇಕು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲೂ ಅಂತರ್ಜಲದ ಆರ್ಸೆನಿಕ್‌ನಿಂದ ಜನ ನರಳಿದ್ದು ದಾಖಲಾಗಿದೆ. ಆದರೆ ಅದು ಮೆಕ್ಕಲು ಮರಳಲ್ಲ, ಚಿನ್ನದ ಅದಿರಿನ ಬಂಡೆಯ ಸೀಮೆ. ಇಂಥ ಬಂಡೆಯಲ್ಲಿರುವ ಆರ್ಸೆನಿಕ್ ಖನಿಜ ಗಾಳಿ ತಾಕಿದಾಗಲೇ ಒಡೆದು ವಿಷ ಬಿಡುತ್ತದೆ. ಬಂಗಾಳದಲ್ಲಿ ಮದ್ದಾದದ್ದು ಇಲ್ಲಿ ಕೇಡಾಗಬಹುದು. ಭೂವಿಜ್ಞಾನಿಗಳ ಸಲಹೆಯಿಲ್ಲದೆ ಬೋರ್‌ವೆಲ್ಲಿಗೆ ಏನನ್ನೂ ಇಳಿಸಬಾರದು.

ಮೊದಲು ಆಗಬೇಕಾದದ್ದು ಪರೀಕ್ಷೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಆರ್ಸೆನಿಕ್ ಮೀರಬಾರದೆಂಬುದು ಭಾರತೀಯ ಮಾನದಂಡ. ಅಕ್ಕಪಕ್ಕದ ಎರಡು ಬೋರ್‌ವೆಲ್ಲುಗಳಲ್ಲೂ ಪ್ರಮಾಣ ಬೇರೆಯಾಗಿರಬಹುದು, ಹಾಗಾಗಿ ಪ್ರತಿ ಬಾವಿಯ ನೀರನ್ನೂ ಪ್ರತ್ಯೇಕವಾಗಿ ಪರೀಕ್ಷೆಗೆ ಕೊಡಬೇಕು. ಕಾಯಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಇನ್ನಷ್ಟು ಗಾಢವಾಗುತ್ತದೆ.