ಗೆಣ್ಣು ನೋವು: ಬೇಗ ತೋರಿಸೋಣ



ಮುದ್ದೆ ಕಟ್ಟಲು ಕೈ ಬೇಕು. ಬಟ್ಟೆ ಹಿಂಡಲು ಕೈ ಬೇಕು. ಕಳೆ ಕೀಳಲು, ಹಾಲು ಕರೆಯಲು ಕೈ ಬೇಕು. ನಮ್ಮ ಕೈ ನಿಂತರೆ ಮನೆಯೇ ನಿಲ್ಲುತ್ತದೆ.

ಕೆಲವರಿಗೆ ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ. ಅರ್ಧ ಗಂಟೆ, ಒಂದು ಗಂಟೆ ಕಳೆದರೂ ಬಿಗಿತ ಬಿಡುವುದಿಲ್ಲ. ಎರಡೂ ಕೈಯ ಗೆಣ್ಣು ಊದುತ್ತದೆ. ಒತ್ತಿದರೆ ನೋವು. ಸುಸ್ತು ಬೇರೆ. "ಕೆಲಸ ಜಾಸ್ತಿ ಆಯ್ತು, ಅದಕ್ಕೇ ನೋವು" ಅಂತ ಸುಮ್ಮನಾಗುತ್ತೇವೆ.

ಇದು ಸಂಧಿವಾತ ಇರಬಹುದು. ಡಾಕ್ಟರು ಇದನ್ನು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುತ್ತಾರೆ. ಇದು ಮುದುಕರಿಗೆ ಮಾತ್ರ ಬರುವ ರೋಗವಲ್ಲ. 30, 40 ವರ್ಷಕ್ಕೂ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಒಳಗೆ ಏನಾಗುತ್ತದೆ?

ಕೀಲಿನ ಒಳಗೆ ತೆಳುವಾದ ಪೊರೆ ಇದೆ. ರೋಗದಿಂದ ನಮ್ಮನ್ನು ಕಾಯಬೇಕಾದ ಶಕ್ತಿಯೇ ತಪ್ಪಿ ಆ ಪೊರೆಯ ಮೇಲೆ ಬೀಳುತ್ತದೆ. ಪೊರೆ ಊದುತ್ತದೆ. ನೀರು ತುಂಬುತ್ತದೆ. ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ. ಬೆರಳು ಸೊಟ್ಟಗಾಗುತ್ತದೆ. ಸವೆದ ಮೂಳೆ ಮತ್ತೆ ಮೊದಲಿನಂತೆ ಆಗುವುದು ಕಷ್ಟ.

ಅಕ್ಕ ಕೇಳಿದಳು, ನರ್ಸಮ್ಮ ಹೇಳಿದರು

"ನರ್ಸಮ್ಮಾ, ಕೈ ಎಕ್ಸ್-ರೇ ತೆಗೆಸಿದೆ. ಮೂಳೆ ಚೆನ್ನಾಗಿದೆ ಅಂದ್ರು. ಹಂಗಾದ್ರೆ ರೋಗ ಇಲ್ಲ ಅಲ್ವಾ?"

"ಹಾಗೆ ಹೇಳೋಕಾಗಲ್ಲಕ್ಕ. ಕೆರೆ ಏರಿ ಒಳಗೊಳಗೇ ನೆನೆಯುತ್ತೆ. ಕುಸಿದ ಮೇಲೆ ನಮಗೆ ಕಾಣುತ್ತೆ. ಎಕ್ಸ್-ರೇನೂ ಹಾಗೇ. ಮೂಳೆ ಸವೆದ ಮೇಲೆ ತೋರಿಸುತ್ತೆ. ಪೊರೆಯ ಊತ ಅದರಲ್ಲಿ ಸರಿಯಾಗಿ ಕಾಣಲ್ಲ."

"ಮತ್ತೆ ಮೊದಲೇ ತಿಳಿಯೋದು ಹೆಂಗೆ?"

"ಬಸುರಿಯರಿಗೆ ಸ್ಕ್ಯಾನಿಂಗ್ ಮಾಡ್ತಾರಲ್ಲ, ಅದನ್ನೇ ಕೈ ಗೆಣ್ಣಿಗೂ ಮಾಡ್ತಾರೆ. ಕಿವಿಗೆ ಕೇಳಿಸದ ಶಬ್ದದಿಂದ ಚಿತ್ರ ಬರುತ್ತೆ. ಊದಿದ ಪೊರೆ, ತುಂಬಿದ ನೀರು ಕಾಣುತ್ತೆ. ಅಲ್ಲಿಗೆ ರಕ್ತ ಹೆಚ್ಚು ಹರಿದರೆ ಬಣ್ಣದಲ್ಲಿ ತೋರುತ್ತೆ. ನೋವಿಲ್ಲ."

"ಎಂ.ಆರ್.ಐ. ಅಂದ್ರೇನಮ್ಮಾ?"

"ದೊಡ್ಡ ಅಯಸ್ಕಾಂತದ ಯಂತ್ರ. ಸವೆಯೋ ಮೊದಲೇ ಮೂಳೆಯ ಒಳಗಿನ ಊತ ತೋರಿಸುತ್ತೆ. ಖರ್ಚು ಜಾಸ್ತಿ. ಎಲ್ಲರಿಗೂ ಬೇಕಾಗಲ್ಲ. ಮಾಡಿಸೋವಾಗ ತಾಳಿ, ಕಾಲುಂಗುರ, ಪಿನ್ನು ಎಲ್ಲ ಬಿಚ್ಚಿಡಬೇಕು. ಮೈಯೊಳಗೆ ಲೋಹದ ಸಾಮಾನು ಹಾಕಿದ್ದರೆ ಮೊದಲೇ ಹೇಳಬೇಕು."

ಚಿತ್ರ ಒಂದೇ ಸಾಲದು

ಡಾಕ್ಟರು ಕೈ ಒತ್ತಿ ನೋಡುತ್ತಾರೆ. ರಕ್ತ ಪರೀಕ್ಷೆ ಮಾಡಿಸುತ್ತಾರೆ. ಎಲ್ಲ ಸೇರಿಸಿ ತೀರ್ಮಾನ ಹೇಳುತ್ತಾರೆ. ರೋಗ ಗುರುತಿಸಲು 1987ರಲ್ಲಿ ಮಾಡಿದ ಪಟ್ಟಿಯಲ್ಲಿ ಎಕ್ಸ್-ರೇಯಲ್ಲಿ ಕಾಣುವ ಮೂಳೆ ಸವೆತವೂ ಒಂದು ಗುರುತಾಗಿತ್ತು. 2010ರಲ್ಲಿ ಹೊಸ ಪಟ್ಟಿ ಬಂತು. ಸವೆತ ಕಾಣುವ ತನಕ ಕಾಯಬಾರದು ಎಂಬುದೇ ಅದರ ಉದ್ದೇಶ.

ಮೊದಲ ಮೂರು, ಆರು ತಿಂಗಳಲ್ಲಿ ಔಷಧಿ ಶುರುವಾದರೆ ಕೀಲು ಉಳಿಸಿಕೊಳ್ಳುವ ಅವಕಾಶ ಹೆಚ್ಚು. ಅಂಗಡಿಯ ನೋವಿನ ಮಾತ್ರೆ ನೋವನ್ನು ತಗ್ಗಿಸಬಹುದು. ರೋಗವನ್ನು ನಿಲ್ಲಿಸುವುದಿಲ್ಲ.

ಚೀಟಿಯನ್ನು ನಾವೇ ಓದೋಣ. ಮೆಥೊಟ್ರೆಕ್ಸೇಟ್ ಎಂದು ಇದೆಯೇ? ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಬಸುರಿಯರು ಅದನ್ನು ತೆಗೆದುಕೊಳ್ಳಲೇಬಾರದು.

ಗೆಣ್ಣು ಊದಿ, ಬೆಳಗಿನ ಬಿಗಿತ ವಾರಗಟ್ಟಲೆ ಇದ್ದರೆ ಕಾಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. "ಕೀಲು ರೋಗದ ಡಾಕ್ಟರಿಗೆ ತೋರಿಸಬೇಕಾ?" ಎಂದು ಬಾಯಿಬಿಟ್ಟು ಕೇಳಿ.

ಓದಿ, ಉತ್ತರ ಹೇಳಿ

1. ಎಕ್ಸ್-ರೇ ಚೆನ್ನಾಗಿದ್ದರೂ ರೋಗ ಇರಬಹುದು. ಏಕೆ?
2. ಸ್ಕ್ಯಾನಿಂಗ್‌ನಲ್ಲಿ ಏನೇನು ಕಾಣುತ್ತದೆ?
3. ನಿಮ್ಮ ಓಣಿಯಲ್ಲಿ ಗೆಣ್ಣು ಊದಿದವರು ಇದ್ದಾರೆಯೇ? ಅವರಿಗೆ ಈ ಪಾಠ ಓದಿ ಹೇಳಿ.