ತಾಯಿತನದಲ್ಲಿ ವಂಶಗುಣದ ಪಾತ್ರ: ಇಲಿಗಳ ಪರೀಕ್ಷೆಯಿಂದ ತಿಳಿಯತಕ್ಕ ಪಾಠ

ಈದ ಕುರಿಯು ಕೆಲವು ವೇಳೆ ತನ್ನ ಮರಿಯನ್ನು ಹತ್ತಿರ ಸೇರಿಸದೆ ದೂಡುವುದುಂಟು. ಮರಿಯು ಹಸಿವಿನಿಂದ ಸಾಯುವುದು. ದೋಷವು ಮರಿಯದೋ, ತಾಯಿಯ ಕೆಚ್ಚಲಿನದೋ, ಸ್ವಭಾವದ್ದೋ ಎಂಬುದು ಯಜಮಾನನಿಗೆ ತಿಳಿಯದೆ ಹೋಗುವುದು. ಈ ಮೂರನ್ನೂ ಬೇರ್ಪಡಿಸಿ ನೋಡುವ ಕ್ರಮವು ಪ್ರಯೋಗಶಾಲೆಯ ಇಲಿಗಳಿಂದ ತಿಳಿದುಬಂದಿರುತ್ತದೆ.

ಇಲಿಯ ಮರಿಗಳು ಹುಟ್ಟುವಾಗ ಕಣ್ಣು ತೆರೆಯದೆ, ಮೈಮೇಲೆ ರೋಮವಿಲ್ಲದೆ ಇರುವುವು. ತಾಯಿಯು ಗೂಡು ಕಟ್ಟಿ, ಚದರಿದ ಮರಿಗಳನ್ನು ಬಾಯಲ್ಲಿ ಕಚ್ಚಿ ತಂದು, ಮೇಲೆ ಕವಿದು ಕುಳಿತು ಹಾಲೂಡಿಸಬೇಕು. ೧೯೯೬ರಲ್ಲಿ ಅಮೆರಿಕದ ಬಾಸ್ಟನ್ ನಗರದ ವಿಜ್ಞಾನಿಗಳು ಫಾಸ್-ಬಿ ಎಂಬ ಒಂದು ವಂಶವಾಹಿ (ಜೀನ್) ಇಲ್ಲದ ಇಲಿಗಳನ್ನು ಪರೀಕ್ಷಿಸಿದರು. ಈ ತಾಯಂದಿರ ಕೆಚ್ಚಲು ಸರಿಯಾಗಿದ್ದರೂ ಮರಿಗಳನ್ನು ಕಡೆಗಣಿಸಿದವು; ಹೆಚ್ಚಿನ ಮರಿಗಳು ಒಂದೆರಡು ದಿನಗಳಲ್ಲಿ ಸತ್ತವು. ಅಂತಹ ಮರಿಗಳನ್ನೇ ಸಾಧಾರಣ ತಾಯಿಯ ಬಳಿ ಬಿಟ್ಟಾಗ ಬದುಕಿದವು. ಆದುದರಿಂದ ದೋಷವು ಮರಿಗಳದಲ್ಲ, ತಾಯಿಯ ನಡತೆಯದು ಎಂದು ಸಿದ್ಧವಾಯಿತು.

ಅದೇ ವರ್ಷ ಆಕ್ಸಿಟೋಸಿನ್ ಎಂಬ ರಸವನ್ನು ಉತ್ಪತ್ತಿ ಮಾಡಲಾರದ ಇಲಿಗಳ ವಿಷಯವು ಪ್ರಕಟವಾಯಿತು. ಇವು ಮರಿಗಳನ್ನು ಅಕ್ಕರೆಯಿಂದ ಕೂಡಿಸಿಕೊಂಡರೂ ಹಾಲು ಇಳಿಯದೆ ಮರಿಗಳು ಸತ್ತವು. ತಾಯಿಗೆ ಆ ರಸವನ್ನು ಚುಚ್ಚಿದಾಗ ಹಾಲು ಇಳಿಯಿತು. ಹೊರಗೆ ಫಲವೊಂದೇ, ಒಳಗೆ ಕಾರಣ ಬೇರೆ.

ಇಂಗ್ಲೆಂಡಿನ ಕೇಂಬ್ರಿಡ್ಜಿನವರು ೧೯೯೯ರಲ್ಲಿ, ತಂದೆಯಿಂದ ಬಂದ ಪೆಗ್-೩ ಎಂಬ ವಂಶವಾಹಿಯು ಕೆಟ್ಟಿದ್ದರೆ ಮಗಳ ತಾಯಿತನವು ಕುಂದುವುದೆಂದು ವರದಿ ಮಾಡಿದರು. ಆದರೆ ಅದನ್ನೇ ಬೇರೆ ರೀತಿಯಲ್ಲಿ ಕೆಡಿಸಿದ ಇಲಿಗಳಲ್ಲಿ ಈ ಕುಂದು ಕಾಣಲಿಲ್ಲವೆಂದು ೨೦೧೬ರಲ್ಲಿ ಪ್ರಕಟವಾಯಿತು. ಒಂದೇ ಪರೀಕ್ಷೆಯಿಂದ ತೀರ್ಮಾನಿಸುವುದು ಯುಕ್ತವಲ್ಲವೆಂಬುದಕ್ಕೆ ಇದೇ ನಿದರ್ಶನ.

ಇಲಿಯ ವಿಷಯವನ್ನು ಹಾಗೆಯೇ ಕುರಿಗೆ ಅನ್ವಯಿಸಲಾಗದು. ಪರೀಕ್ಷೆಯ ಕ್ರಮವನ್ನು ಮಾತ್ರ ಅನುಸರಿಸಬಹುದು:

೧. ಮರಿಗೆ ಕೂಡಲೇ ಗಿಣ್ಣುಹಾಲು ಕುಡಿಸಿ, ಸಾಧ್ಯವಾದರೆ ಬೇರೊಂದು ಈದ ಕುರಿಗೆ ಹಚ್ಚತಕ್ಕದ್ದು. ಅಲ್ಲಿ ಚೆನ್ನಾಗಿ ಕುಡಿದು ಬೆಳೆದರೆ ದೋಷವು ಮರಿಯದಲ್ಲ.

೨. ತಾಯಿಯ ಕೆಚ್ಚಲನ್ನು ಮುಟ್ಟಿ, ಬಾವು, ನೋವು, ಹಾಲಿನ ಕೊರತೆ ಇವೆಯೇ ಎಂದು ನೋಡತಕ್ಕದ್ದು.

೩. ಚೊಚ್ಚಲು ಈದ ಕುರಿಯನ್ನು ಒಂದೇ ತಪ್ಪಿಗೆ ಮಾರಬಾರದು. ಮರುಸೂಲಿನಲ್ಲಿ ಅದು ಸರಿಹೋಗುವುದುಂಟು.

೪. ಕೆಚ್ಚಲು ಸರಿಯಾಗಿದ್ದು, ಮೇವು ಸಾಕಷ್ಟಿದ್ದು, ಮರುಸೂಲಿನಲ್ಲಿಯೂ ಮರಿಯನ್ನು ದೂಡಿದರೆ, ಆ ತಾಯಿಯನ್ನೂ ಅದರ ಹೆಣ್ಣುಮರಿಗಳನ್ನೂ ತಳಿಗೆ ಇಡದಿರುವುದು ಲೇಸು.

ಪ್ರತಿ ಸೂಲಿನ ವಿಷಯವನ್ನೂ ಪುಸ್ತಕದಲ್ಲಿ ಬರೆದಿಟ್ಟ ಯಜಮಾನನೇ ಈ ನಿರ್ಣಯವನ್ನು ಮಾಡಬಲ್ಲನು.